ಪಾಜ್ ಇಲ್ಲದ ಕಾಳಗ: ದಂಡಿನ ಸೀಮೆಯ ಸಾಧಾರಣ ಆಟಗಾರನ ಪ್ರಗತಿಯನ್ನು ಕುರಿತ ಸಂಪ್ರಬಂಧ

ಪೀಠಿಕೆ

ಕನ್ನಡ ಸಂಶೋಧನೆ ಕುಮಾರವ್ಯಾಸನ ಯುದ್ಧವರ್ಣನೆಯನ್ನೂ ಬಿಟ್ಟಿಲ್ಲ, ಅಳಗುಳಿಮಣೆಯ ಗುಳಿಗಳನ್ನೂ ಬಿಟ್ಟಿಲ್ಲ. ಆದರೆ ಶುಕ್ರವಾರ ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಟಿವಿ ಮುಂದೆ ಕೂತು, ಒಬ್ಬನೇ ರಾಕ್ಷಸನ ಕೈಯಲ್ಲಿ ನಡುರಾತ್ರಿಯವರೆಗೆ ಸಾಯುತ್ತಲೇ ಇರುವ ಗೃಹಸ್ಥನ ಬಗ್ಗೆ ವಿದ್ವಲ್ಲೋಕ ತುಟಿ ಬಿಚ್ಚಿಲ್ಲ. ಆ ಕೊರತೆ ನೀಗಿಸುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ. ಮಾರ್ಗದರ್ಶಕರಾಗಲು ಯಾರೂ ಒಪ್ಪದ ಕಾರಣ ಇದನ್ನು ಸ್ವತಂತ್ರ ಅಧ್ಯಯನವೆಂದು ಭಾವಿಸತಕ್ಕದ್ದು.

ನಮ್ಮ ಪ್ರಮೇಯ ಇಷ್ಟೇ. ಕಷ್ಟದ ವಿಡಿಯೋ ಗೇಮ್‌ಗಳಲ್ಲಿ ಬೆಂಗಳೂರಿನ ದಂಡಿನ (ಕಂಟೋನ್ಮೆಂಟ್) ಸೀಮೆಯ ಸಾಧಾರಣ ಆಟಗಾರನ ಏಳ್ಗೆಗೆ ಅಡ್ಡ ನಿಂತಿರುವುದು ರಾಕ್ಷಸನಲ್ಲ, ಮನೆ. 'ಅಭ್ಯಾಸ ಸಾಲದು, ಅಷ್ಟೇ' ಎಂಬುದು ಪೂರ್ವಪಕ್ಷ. ಹಾಗೆನ್ನುವವರಲ್ಲಿ ಹೆಚ್ಚಿನವರು ಅವಿವಾಹಿತರು.

ಲಕ್ಷಣ

'ಮುಗಿಸಬೇಕೆಂದು ಕೊಂಡು, ಮುಗಿಸದೆ, ಮುಂದಿನದನ್ನು ಕೊಳ್ಳುವವನೇ ಸಾಧಾರಣ ಆಟಗಾರ' ಎಂದು ಮೊದಲು ಲಕ್ಷಣ ಹೇಳಲಾಯಿತು. ಇದಕ್ಕೆ ಅತಿವ್ಯಾಪ್ತಿ ದೋಷ ತಟ್ಟಿತು. ಪುಸ್ತಕಪ್ರಿಯರೂ ಜಿಮ್ ಸದಸ್ಯರೂ ಒಳಗೆ ಬಂದು ಕೂತರು. 'ಕೈಯಲ್ಲಿ ಕಂಟ್ರೋಲರ್ ಉಳ್ಳವನಾಗಿ' ಎಂಬ ವಿಶೇಷಣ ಸೇರಿಸಿದ್ದಾಯಿತು. ಆಗ ಅವ್ಯಾಪ್ತಿ. ಮಗಳು ಕಂಟ್ರೋಲರ್ ಕಿತ್ತುಕೊಂಡಿರುವ ಹೊತ್ತಿನಲ್ಲಿ ಅಪ್ಪ ಆಟಗಾರನಾಗಿ ಉಳಿಯುತ್ತಾನೋ ಇಲ್ಲವೋ? ಉಳಿಯುತ್ತಾನೆಂಬುದೇ ಸಿದ್ಧಾಂತ, ಯಾಕೆಂದರೆ ಆಗಲೂ ಅವನ ಹೆಬ್ಬೆರಳು ಅಲ್ಲಾಡುತ್ತಲೇ ಇರುತ್ತದೆ.

ಸಂಶೋಧನಾ ವಿಧಾನ

ಸೋಫಾ.

ಪ್ರಾಚೀನ ಆಧಾರಗಳು

ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲು 'ಬೆಂಗಳೂರು ಕಾಳಗ'ದಲ್ಲಿ ಮಡಿದವನೊಬ್ಬನನ್ನು ನೆನೆಯುತ್ತದೆ. ಅಂದರೆ ಈ ಊರಿನ ಹೆಸರು ಶಾಸನಕ್ಕೆ ಏರಿದ್ದೇ ಒಬ್ಬ ಸತ್ತ ಸುದ್ದಿಯ ಜೊತೆಗೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯವರು 2011ರ ಸೆಪ್ಟೆಂಬರಿನಲ್ಲಿ 'ಡಾರ್ಕ್ ಸೋಲ್ಸ್' ಬಿಡುಗಡೆ ಮಾಡಿ, ಆಟಗಾರ ಸತ್ತಾಗಲೆಲ್ಲ ಪರದೆಗೆ ಅಡ್ಡಲಾಗಿ ಕೆಂಪಕ್ಷರದಲ್ಲಿ 'ಯೂ ಡೈಡ್' ಎಂದು ಬರೆಸಿ ಲೋಕಪ್ರಸಿದ್ಧರಾದರು. ನಾವು ಅದೇ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿ ಅಷ್ಟರಲ್ಲಿ ಸಾವಿರದ ನೂರು ವರ್ಷ ದಾಟಿತ್ತು.

ನಾಡಿನ ವೀರಗಲ್ಲುಗಳ ಸಾಮಾನ್ಯ ರಚನೆಯನ್ನು ಗಮನಿಸಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಒಟ್ಟು ಮೂರು ಲೆವೆಲ್. ಅಲ್ಲಿ ಸತ್ತವನಿಗೆ ಬಡ್ತಿ. ಸೋಲ್ಸ್ ಮಾದರಿಯ ಆಟದಲ್ಲಿ ಸತ್ತವನು ಹಿಂದೆಲ್ಲೋ ಬಿಟ್ಟುಬಂದ ಬೆಂಕಿಯ ಪಕ್ಕ ಎದ್ದು ಕೂರುತ್ತಾನೆ. ಗಳಿಸಿದ್ದೆಲ್ಲ ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ಅದನ್ನು ಹೋಗಿ ಎತ್ತಿಕೊಳ್ಳುವ ಮೊದಲೇ ಇನ್ನೊಮ್ಮೆ ಸತ್ತರೆ ಅದೂ ಗೋವಿಂದ. ಕಾಳಗದಲ್ಲಿ ಬಿದ್ದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುವ ಪದ್ಧತಿ ಇತ್ತು. ನಮ್ಮ ವೀರನ ಮನೆಯವರಿಗೆ ಸಿಗುವುದು ಇಂಟರ್‌ನೆಟ್ ಬಿಲ್ಲು.

ಹಲಸೂರು ಕಾಲಘಟ್ಟ

ತೊಂಬತ್ತರ ದಶಕದಲ್ಲಿ ಹಲಸೂರು, ಮರ್ಫಿ ಟೌನ್ ಕಡೆಯ ಮನೆಗಳಿಗೆ ಬಂದದ್ದು ಜಪಾನಿನ ಅಸಲಿ ಯಂತ್ರವಲ್ಲ. 'ಮೀಡಿಯಾ', 'ಲಿಟಲ್ ಮಾಸ್ಟರ್' ಎಂಬ ಹೆಸರಿನ ನಕಲುಗಳು. ಅವುಗಳ ಹೆಸರು ಟಿವಿ ಗೇಮು. ಒಳಗೆ ಹಾಕುವುದು ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳ ಆಶ್ವಾಸನೆ ಇರುತ್ತಿತ್ತು, ಒಳಗೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು. ಚುನಾವಣಾ ಪ್ರಣಾಳಿಕೆಗಳಿಗೂ ಇದಕ್ಕೂ ಇರುವ ಸಂಬಂಧವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ.

ಆ ಕಾಲದ ಮಹಾಕಾವ್ಯ 'ಕಾಂಟ್ರಾ'. ಮನೆಯ ಯಂತ್ರಕ್ಕೆ ಬಂದದ್ದು 1988ರಲ್ಲಿ. ಮೂರೇ ಲೈಫು, ಒಂದೇ ಗುಂಡಿಗೆ ಒಂದು ಲೈಫು ಖಲಾಸ್. ಇಷ್ಟು ಕ್ರೌರ್ಯ ಏಕೆಂದರೆ, ಈ ಆಟಗಳ ಮೂಲ ನಾಣ್ಯ ಹಾಕಿ ಆಡುವ ಪೆಟ್ಟಿಗೆಯಲ್ಲಿತ್ತು. ಆಟಗಾರ ಬೇಗ ಸತ್ತಷ್ಟೂ ಪೆಟ್ಟಿಗೆಯವನಿಗೆ ಲಾಭ. ಮನೆಗೆ ಬಂದ ಮೇಲೂ ಕ್ಯಾಸೆಟ್ಟಿನ ಪುಟ್ಟ ಚಿಪ್ಪಿನೊಳಗೆ ದೊಡ್ಡ ಕಥೆ ಹಿಡಿಸುತ್ತಿರಲಿಲ್ಲ. ಅರ್ಧ ಗಂಟೆಯ ಆಟವನ್ನು ಇಡೀ ಬೇಸಿಗೆ ರಜೆಗೆ ಎಳೆಯಬೇಕಾದರೆ ಆಡುವವನನ್ನು ಕೊಲ್ಲುತ್ತಿರಬೇಕು, ಬೇರೆ ದಾರಿಯಿಲ್ಲ.

ಇದಕ್ಕೆ ಪರಿಹಾರವಾಗಿ ಒಂದು ಮಂತ್ರವಿತ್ತು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಮಂತ್ರದ ಋಷಿ ಕಜುಹಿಸಾ ಹಶಿಮೊಟೊ, ದೇವತೆ ಕೊನಾಮಿ ಕಂಪನಿ, ಹತ್ತು ಒತ್ತುಗಳ ಛಂದಸ್ಸು, ಮೂವತ್ತು ಲೈಫು ಫಲಶ್ರುತಿ. ಮಂತ್ರದರ್ಶನವಾದದ್ದು 1986ರಲ್ಲಿ 'ಗ್ರೇಡಿಯಸ್' ಎಂಬ ಇನ್ನೊಂದು ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ. ಪರೀಕ್ಷೆಗೆಂದು ಆಡಲು ಕೂತ ಹಶಿಮೊಟೊಗೆ ತನ್ನದೇ ಆಟ ಗೆಲ್ಲಲಾಗಲಿಲ್ಲ. ಸ್ವಂತ ಅನುಕೂಲಕ್ಕೆ ಒಂದು ಕಳ್ಳದಾರಿ ಮಾಡಿಕೊಂಡ, ಅದು ಹಾಗೇ ಉಳಿದುಕೊಂಡಿತು. ಆಟ ಕಟ್ಟಿದವನೇ ಸಾಧಾರಣ ಆಟಗಾರನಾಗಿದ್ದ ಎಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಡ.

ಆದರೂ ಹಲಸೂರಿನ ಬಾಲಕರಲ್ಲಿ ಎಷ್ಟೋ ಮಂದಿ ಮೂವತ್ತು ಲೈಫಿನಲ್ಲೂ ಕಾಂಟ್ರಾ ಮುಗಿಸಲಿಲ್ಲ. ಕಾರಣ ಕರೆಂಟು. ಆ ಕ್ಯಾಸೆಟ್ಟಿಗೆ ಸೇವ್ ಎಂಬುದೇ ಇಲ್ಲ. ಕರೆಂಟು ಹೋದರೆ ಮೂವತ್ತೂ ಒಂದೇ ಏಟಿಗೆ ಹೋದವು. ಕರೆಂಟು ಹೋಗದಿದ್ದ ದಿನ ಅಜ್ಜಿಗೆ ವಾರ್ತೆ ನೋಡಬೇಕಾಗಿರುತ್ತಿತ್ತು.

ಶಿವಾಜಿನಗರ ಶಾಖೆ: ನೆಪಮೀಮಾಂಸೆ

ಸೋತವನು ಸುಮ್ಮನಿರುವುದಿಲ್ಲ. ಅವನ ನೆಪಗಳನ್ನು ಅಸ್ತ್ರದೋಷ, ದೃಷ್ಟಿದೋಷ, ಪಾರ್ಶ್ವವಾಗ್ದೋಷ ಎಂದು ವಿಂಗಡಿಸಬಹುದು. ದೃಷ್ಟಿದೋಷವೆಂದರೆ 'ಕ್ಯಾಮೆರಾ ತಿರುಗಲಿಲ್ಲ'. ಪಾರ್ಶ್ವವಾಗ್ದೋಷವೆಂದರೆ 'ಸರಿಯಾದ ಟೈಮಿಗೆ ನೀನು ಮಾತಾಡಿಸಿದೆ'. ಶಿವಾಜಿನಗರದ ವಿದ್ವಾಂಸರ ಕ್ಷೇತ್ರ ಮಾತ್ರ ಅಸ್ತ್ರದೋಷ.

ಗುಜರಿಯ ಊರಿದು. ಕಾರಿನ ಬಿಡಿಭಾಗದಿಂದ ಹಿಡಿದು ಕೈಗಡಿಯಾರದವರೆಗೆ ಬಿಚ್ಚಿ ಜೋಡಿಸುವ ಕೈಗಳು ರಸೆಲ್ ಮಾರ್ಕೆಟಿನ ಸುತ್ತಿನ ಗಲ್ಲಿಗಳಲ್ಲಿ ತಲೆಮಾರಿನಿಂದ ಕೂತಿವೆ. ಅಲ್ಲಿಗೆ ಒಬ್ಬ ಆಟಗಾರ ಕಂಟ್ರೋಲರ್ ತರುತ್ತಾನೆ. 'ಡ್ರಿಫ್ಟ್ ಆಗ್ತಿದೆ ಭಾಯ್, ಎಡಗಡೆ ಸ್ಟಿಕ್ಕು ತಾನಾಗೇ ಓಡುತ್ತೆ.' ಕಾಯಿಲೆ ನಿಜವಾದದ್ದೇ. ಸ್ಟಿಕ್ಕಿನ ಬುಡದ ಪೊಟೆನ್ಶಿಯೋಮೀಟರಿನಲ್ಲಿ ಇಂಗಾಲದ ಪಟ್ಟಿ ಉಜ್ಜಿ ಉಜ್ಜಿ ಸವೆಯುತ್ತದೆ, ಆಗ ಬೆರಳು ಮುಟ್ಟದಿದ್ದರೂ ನಾಯಕ ಪ್ರಪಾತದ ಕಡೆ ನಡೆಯತೊಡಗುತ್ತಾನೆ. ಭಾಯ್ ನಾಲ್ಕು ತಿರುಪು ಬಿಚ್ಚಿ, ಮುಚ್ಚಳ ತೆಗೆದು, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ತನ್ನ ಪುಟ್ಟ ಪರದೆಗೆ ಸಿಗಿಸಿ ನೋಡುತ್ತಾನೆ. ಪರದೆಯ ಚುಕ್ಕಿ ನಟ್ಟನಡುವೆ ನಿಂತೇ ಇದೆ.

'ಇದ್ರಲ್ಲಿ ಏನೂ ಪ್ರಾಬ್ಲಮ್ ಇಲ್ಲ ಸಾರ್.'

ಆಟಗಾರ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. 'ಆದ್ರೂ ಚೇಂಜ್ ಮಾಡ್ಬಿಡಿ ಭಾಯ್.'

ಅವಮಾನದ ಪ್ರಕಾರಗಳು

ಆಟಗಳೂ ಸೋತವನನ್ನು ನೋಡಿ ಕನಿಕರಪಟ್ಟಿದ್ದುಂಟು, ಆದರೆ ಕನಿಕರಕ್ಕೆ ಬೆಲೆ ಕಟ್ಟದೆ ಬಿಟ್ಟವು ಕಡಿಮೆ. 2005ರ 'ನಿಂಜಾ ಗೈಡನ್ ಬ್ಲ್ಯಾಕ್' ಮತ್ತೆ ಮತ್ತೆ ಸಾಯುವವನಿಗೆ ಸುಲಭದ ದಾರಿ ಕೊಟ್ಟು, ಅದಕ್ಕೆ 'ನಿಂಜಾ ಡಾಗ್' ಎಂದು ಹೆಸರಿಟ್ಟು, ಕೈಗೊಂದು ಬಣ್ಣದ ರಿಬ್ಬನ್ನೂ ಕಟ್ಟಿತು. 2015ರ 'ಮೆಟಲ್ ಗೇರ್ ಸಾಲಿಡ್ 5' ತಲೆಗೆ ಕೋಳಿಯ ಟೋಪಿ ಹಾಕಿತು. 2017ರ 'ಕಪ್‌ಹೆಡ್'ನಲ್ಲಿ 'ಸಿಂಪಲ್' ಆರಿಸಿ ಗೆದ್ದುಕೊಂಡು ಹೋದವನನ್ನು ಕೊನೆಯ ಬಾಸ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮರುವರ್ಷದ 'ಸೆಲೆಸ್ಟ್' ಒಂದೇ ಮರ್ಯಾದಸ್ಥ. ಅಸಿಸ್ಟ್ ಎಂಬ ಸೌಕರ್ಯ ಕೊಟ್ಟು, ಬೇಕಿದ್ದರೆ ಬಳಸಿಕೊಳ್ಳಿ ಎಂದು ಸುಮ್ಮನಾಗುತ್ತದೆ. ಸೋಲ್ಸ್ ಪರಂಪರೆಯ ನಿರ್ದೇಶಕ ಹಿದೆಟಕ ಮಿಯಾಜಾಕಿ ಅವಮಾನವನ್ನೂ ಮಾಡುವುದಿಲ್ಲ, ರಿಯಾಯಿತಿಯನ್ನೂ ಕೊಡುವುದಿಲ್ಲ. ಸುಲಭದ ಮೋಡೇ ಇಲ್ಲ. ದಂಡಿನ ಸೀಮೆಯ ಆಟಗಾರರು ಈತನನ್ನು ಗೌರವಿಸುವುದು ಇದೇ ಕಾರಣಕ್ಕೆ. ಕೋಳಿ ಟೋಪಿ ಹಾಕಿಕೊಂಡಿರುವಾಗ ಅತ್ತೆಯವರು ಹಾಲಿಗೆ ಬಂದರೆ ವಿವರಿಸುವುದು ಹೇಗೆ?

ಇಂದಿರಾನಗರ ಪ್ರಯೋಗ

ಸಂಪ್ರಬಂಧದ ಜೀವಾಳ ಇಲ್ಲಿದೆ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ, 49,990 ರೂಪಾಯಿಗೆ. ಬುಕಿಂಗ್ ತೆರೆದ ನಿಮಿಷಗಳಲ್ಲೇ ಮುಗಿದುಹೋಯಿತು. ಅದನ್ನು ಮೊದಲ ಬಾಸ್ ಎಂದು ಎಣಿಸುವವರೂ ಇದ್ದಾರೆ. ಮರುವರ್ಷ ಫೆಬ್ರವರಿ 25ಕ್ಕೆ 'ಎಲ್ಡನ್ ರಿಂಗ್' ಬಂತು. ಮುಂದೆ ಜಗತ್ತಿನಾದ್ಯಂತ 3 ಕೋಟಿ ಪ್ರತಿ ದಾಟಿದ ಆಟ. ಅದರಲ್ಲಿ ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲು ಕಾಯುವವನು ಮಾರ್ಗಿಟ್. ಕೋಲೆತ್ತುತ್ತಾನೆ, ಹೊಡೆಯುವುದಿಲ್ಲ. ನೀವು ಗಾಬರಿಯಲ್ಲಿ ಉರುಳುತ್ತೀರಿ. ಉರುಳಿ ಏಳುವ ಹೊತ್ತಿಗೆ ಸರಿಯಾಗಿ ಹೊಡೆಯುತ್ತಾನೆ.

ಇವನನ್ನು ಕಲಿಯಬಹುದು. ಕಲಿಯಲಾಗದ್ದು ಇನ್ನೊಂದಿದೆ. ಈ ಆಟಕ್ಕೆ ಪಾಜ್ ಇಲ್ಲ. ಮೆನು ತೆರೆದರೂ ರಾಕ್ಷಸ ಬರುತ್ತಲೇ ಇರುತ್ತಾನೆ. ಅದೇ ಕಂಪನಿಯ 2019ರ 'ಸೆಕಿರೋ'ದಲ್ಲಿ ಈ ಸೌಕರ್ಯವಿತ್ತು. ಇಲ್ಲಿ ಮತ್ತೆ ಕಿತ್ತುಕೊಂಡರು. ಹಂಡ್ರೆಡ್ ಫೀಟ್ ರಸ್ತೆಯ ಹಿಂಬದಿಯ ಒಂದು ಮನೆಯ ಹಾಲಿನಲ್ಲಿ, ಮಾರ್ಗಿಟ್‌ನ ಪ್ರಾಣ ಕೂದಲೆಳೆಯಷ್ಟು ಉಳಿದಿರುವಾಗ ನಡೆದ ಸಂವಾದವನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ.

'ರೀ, ಕುಕ್ಕರ್ ಎಷ್ಟು ಕೂಗ್ತು?'

'ಎರಡೋ ಮೂರೋ. ಒಂದ್ನಿಮಿಷ ಕಣೇ.'

'ಎರಡೋ ಮೂರೋ ಅಂದ್ರೆ? ಅದನ್ನ ನಿಲ್ಲಿಸಿ ಬಂದು ಆಫ್ ಮಾಡಿ.'

'ಇದನ್ನ ನಿಲ್ಸಕ್ಕಾಗಲ್ಲ.'

'ನಿಲ್ಸಕ್ಕಾಗದೇ ಇರೋ ಆಟನ ಯಾವನು ಮಾಡ್ತಾನೆ?'

ಅಷ್ಟರಲ್ಲಿ ಬಾಗಿಲ ಬೆಲ್ಲಾಯಿತು, ಸಿಲಿಂಡರಿನವನು. ಕುಕ್ಕರು ಇನ್ನೊಮ್ಮೆ ಕೂಗಿತು. ಮಾರ್ಗಿಟ್ ಕೋಲೆತ್ತಿದ. ಆಮೇಲಿನದು ಬೇಗೂರಿನ ಕಲ್ಲಿನಲ್ಲಿದೆ.

ಪ್ರಯೋಗದಿಂದ ಸಿದ್ಧವಾದದ್ದು ಇಷ್ಟು. ಮಾರ್ಗಿಟ್ ಎಷ್ಟೇ ಕ್ರೂರಿಯಾದರೂ ಅವನ ಹೊಡೆತಗಳಿಗೆ ಒಂದು ಕ್ರಮವಿದೆ. ಸಿಲಿಂಡರಿನವನಿಗೆ ಇಲ್ಲ. ಆಟವನ್ನೂ ನಿಲ್ಲಿಸಲಾಗದು, ಮನೆಯನ್ನೂ ನಿಲ್ಲಿಸಲಾಗದು. ನಿಲ್ಲದ ಎರಡರ ನಡುವೆ ಸಿಕ್ಕಿದವನನ್ನು 'ಕೈಲಾಗದವನು' ಎನ್ನುವುದು ಶಾಸ್ತ್ರಸಮ್ಮತವಲ್ಲ.

ಇದೇ ಆಟದ ಮಲೇನಿಯಾ ಎಂಬ ಬಾಸ್ ಎದುರು ಜಗತ್ತೇ ಕೈಚೆಲ್ಲಿ ಕೂತಾಗ, ಮೈಮೇಲೆ ತುಂಡು ಬಟ್ಟೆ, ತಲೆಗೊಂದು ಮಡಕೆ ಧರಿಸಿದ ಆಟಗಾರನೊಬ್ಬ ಕರೆದವರ ಲೋಕಕ್ಕೆಲ್ಲ ಹೋಗಿ, ಅವರ ಪರವಾಗಿ ಒಬ್ಬನೇ ಹೋರಾಡಿ ಗೆಲ್ಲಿಸಿಕೊಟ್ಟ. ಆಟದ ಪ್ರಕಾಶಕರು ಅವನಿಗೆ ಕತ್ತಿಯೊಂದನ್ನು ಉಡುಗೊರೆ ಕಳಿಸಿದರು. ಅವನ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆಂಬುದನ್ನು ತಿಳಿದ ಹೊರತು ಈ ಸಾಧನೆಯನ್ನು ತೂಗಲು ಬರುವುದಿಲ್ಲ.

ಕೆ.ಆರ್. ಪುರದ ಭಿನ್ನಮತ

ಪೂರ್ವಕ್ಕೆ ಸರಿದಂತೆ ಸಂಪ್ರದಾಯ ಬದಲಾಗುತ್ತದೆ. ಡಾರ್ಕ್ ಸೋಲ್ಸ್ ಬಂದು ಒಂದು ತಿಂಗಳೊಳಗೆ, 2011ರ ಅಕ್ಟೋಬರ್ 20ಕ್ಕೆ, ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ನಮ್ಮ ಮೆಟ್ರೊ ಶುರುವಾಯಿತು. 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್ ಕಡೆಯಿಂದ ಕೆ.ಆರ್. ಪುರದವರೆಗೆ ಬಂತು. ನಡುವೆ ಬೆನ್ನಿಗಾನಹಳ್ಳಿಯಲ್ಲಿ ರೈಲು ಹಳಿಗಳ ಮೇಲೆ ಕಬ್ಬಿಣದ ತೊಲೆ ಕೂರಿಸುವ ಕೆಲಸ ಬಾಕಿ. ಅಕ್ಟೋಬರ್ 9ರವರೆಗೆ ಎರಡು ತುದಿಯಲ್ಲೂ ಮೆಟ್ರೊ, ನಟ್ಟನಡುವೆ ಟಿನ್ ಫ್ಯಾಕ್ಟರಿ. ಬ್ಯಾಗು ಎದೆಗವುಚಿಕೊಂಡು ಆ ತುಂಡು ದಾರಿಯನ್ನು ದಿನಾ ದಾಟಿದವರಿಗೆ ಸೋಲ್ಸ್ ಆಟ ಕಷ್ಟವೆಂದರೆ ನಗುತ್ತಾರೆ. ಅವರು ಮಾರ್ಗಿಟ್‌ನ ಜೊತೆ ಹೊಡೆದಾಡುವುದೂ ಇಲ್ಲ. ಕೋಟೆಯ ಪಕ್ಕದಲ್ಲಿ ಬಂಡೆಯ ಅಂಚು ಹಿಡಿದು ಮುಂದಿನ ಸೀಮೆಗೆ ಹೋಗುವ ಬಳಸುದಾರಿ ನಿಜಕ್ಕೂ ಆಟದಲ್ಲಿದೆ. ಕಸ್ತೂರಿನಗರದ ಒಳರಸ್ತೆ ಬಲ್ಲವರ ಕಣ್ಣಿಗೆ ಅದು ಮೊದಲ ದಿನವೇ ಬಿತ್ತು.

ಇಲ್ಲಿನ ಪಿಜಿಗಳಲ್ಲಿ ನಾಲ್ವರಿಗೆ ಒಂದೇ ಕನ್ಸೋಲು. 'ಸತ್ತರೆ ಕೈ ಬದಲು' ಎಂಬುದು ವಿಧಿ. ಒಬ್ಬನಿಗೆ ಬಾಸ್‌ನ ಮೊದಲರ್ಧ ಕಂಠಪಾಠ, ಇನ್ನೊಬ್ಬನಿಗೆ ಎರಡನೆಯದು, ಮೂರನೆಯವನಿಗೆ ಓಡುವುದು ಮಾತ್ರ ಗೊತ್ತು. ನಾಲ್ಕನೆಯವನು 'ಉರುಳು ಮಗಾ, ಈಗ ಉರುಳು' ಎಂದು ಕೂಗುತ್ತಾನೆ. ಒಬ್ಬೊಬ್ಬರಾಗಿ ನಾಲ್ವರೂ ನಿಷ್ಪ್ರಯೋಜಕರು, ಒಟ್ಟಿಗೆ ಅಜೇಯರು. ಮನೆಯಿಲ್ಲದ ಕಡೆ ಪ್ರಗತಿಯಿದೆ ಎಂಬ ನಮ್ಮ ಪ್ರಮೇಯಕ್ಕೆ ಇದು ಸಾಕ್ಷಿ.

ಒಂದು ಉಪಾಂಗ. ಭಾರತದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಕೊಂಡದ್ದು 'ಜಿಟಿಎ' ಖ್ಯಾತಿಯ ರಾಕ್‌ಸ್ಟಾರ್. ಆಟ ಕಟ್ಟುವ ಊರಿನವರೇ ಆಟ ಮುಗಿಸಲಾರರೆಂಬ ವಿಪರ್ಯಾಸಕ್ಕೆ ಹಶಿಮೊಟೊ ಆಗಲೇ ಸಮಾಧಾನ ಕೊಟ್ಟುಹೋಗಿದ್ದಾನೆ.

ಶಿಫಾರಸು

ಎಲ್ಡನ್ ರಿಂಗ್‌ಗೂ ಒಂದು ಗುಪ್ತ ಪಾಜ್ ಇದೆಯೆಂದು ಆಟಗಾರರು 2022ರಲ್ಲೇ ಕಂಡುಹಿಡಿದರು. ಪ್ಲೇಸ್ಟೇಷನ್‌ನಲ್ಲಿ ಆಪ್ಷನ್ಸ್ ಗುಂಡಿ ಒತ್ತಿ ಮೆನು ತೆರೆಯಿರಿ, ಟಚ್‌ಪ್ಯಾಡ್ ಒತ್ತಿ ಹೆಲ್ಪ್‌ಗೆ ಹೋಗಿ, 'ಮೆನು ಎಕ್ಸ್‌ಪ್ಲನೇಷನ್' ಆರಿಸಿ. ವಿವರಣೆಯ ಡಬ್ಬಿ ಪರದೆಯ ಮೇಲಿರುವಷ್ಟು ಹೊತ್ತೂ ಮಾರ್ಗಿಟ್ ಕೋಲೆತ್ತಿದಂತೆಯೇ ನಿಂತಿರುತ್ತಾನೆ. ದಯವಿಟ್ಟು ಆ ಹೊತ್ತಿನಲ್ಲಿ ಮೊದಲು ಕುಕ್ಕರ್ ಆಫ್ ಮಾಡಿ, ಆಮೇಲೆ ಸಿಲಿಂಡರಿನವನಿಗೆ ದುಡ್ಡು ಕೊಡಿ. ಮನೆಯವರಿಗೆ ಮಾತ್ರ ಈ ಗುಂಡಿಯ ವಿಷಯ ತಿಳಿಸಬೇಡಿ. ಪಾಜ್ ಇದೆಯೆಂದು ಗೊತ್ತಾದ ಮನೆಯಲ್ಲಿ ಯಾರೂ ಮಾರ್ಗಿಟ್‌ನನ್ನು ದಾಟಿದ ದಾಖಲೆ ನಮಗೆ ಸಿಕ್ಕಿಲ್ಲ.