ಗಣಕೋಷ್ಣಶಮನ ಮೀಮಾಂಸೆ: ಕಡೂರು, ಅಜ್ಜಂಪುರ, ತರೀಕೆರೆ ಸಂಪ್ರದಾಯಗಳ ಒಂದು ತೌಲನಿಕ ಅಧ್ಯಯನ

ಕಂಪ್ಯೂಟರಿಗೆ ಉಷ್ಣವಾದರೆ ಏನು ಕೊಡಬೇಕೆಂದು ಚರಕನೂ ಹೇಳಿಲ್ಲ, ಸುಶ್ರುತನೂ ಹೇಳಿಲ್ಲ. ಈ ಘೋರ ಕೊರತೆ ಪ್ರಸ್ತುತ ಸಂಶೋಧಕನ ಗಮನಕ್ಕೆ ಬಂದದ್ದು ಕಡೂರಿನಲ್ಲಿ. ಮೊದಲ ಬಾರಿಗೆ ವಾಟರ್ ಕೂಲಿಂಗ್ ಕಂಪ್ಯೂಟರ್ ಜೋಡಿಸುತ್ತಿದ್ದ ಅಣ್ಣನ ಮಗ ಪೈಪು ಹಿಡಿದು ನಿಂತು, "ಚಿಕ್ಕಪ್ಪ, ಇದಕ್ಕೆ ಯಾವ ನೀರು ಹಾಕೋದು?" ಎಂದ. ನಡುಮನೆಯಲ್ಲಿದ್ದ ಮೂರು ಊರಿನ ಮೂವರು ಹಿರಿಯರು ಒಟ್ಟಿಗೇ ಬಾಯಿ ತೆರೆದರು. ಮೂರು ದರ್ಶನಗಳು ಉದಯಿಸಿದವು.

ಕಡೂರು ದರ್ಶನದ ಪ್ರಕಾರ ಎಳನೀರಿಗಿಂತ ತಂಪು ಇನ್ನೊಂದಿಲ್ಲ. ದೇಹಕ್ಕೆ ತಂಪಾದದ್ದು ಯಂತ್ರಕ್ಕೂ ತಂಪೆನ್ನುವುದು ಅತಿವ್ಯಾಪ್ತಿ ದೋಷ. ಎಳನೀರಿನ ಸಕ್ಕರೆ ಹುಳಿಯುತ್ತದೆ; ಪೊಟ್ಯಾಸಿಯಂ ಲವಣಗಳು ಕರೆಂಟಿಗೆ ದಾರಿ ಬಿಡುತ್ತವೆ, ಮದರ್‌ಬೋರ್ಡಿನ ಮೇಲೆ ಒಂದು ತೊಟ್ಟು ಬಿದ್ದರೆ ಸಾಕು. ಇದೇ ದರ್ಶನದ ಉಪಶಾಖೆ ಬೋರ್‌ವೆಲ್ ನೀರನ್ನು ಎತ್ತಿಹಿಡಿಯುತ್ತದೆ. ಅವರು ತಮ್ಮ ಬಚ್ಚಲ ಹಂಡೆಯ ತಳವನ್ನೊಮ್ಮೆ ಕೆರೆದು ನೋಡಲಿ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕಿನೊಳಗೆ ನೀರು ಹರಿಯುವ ಸಂದು ಒಂದು ಮಿಲಿಮೀಟರಿಗಿಂತ ಕಿರಿದು. ಆ ಬಿಳಿ ಹಕ್ಕಳೆ ಅಲ್ಲಿ ಕಟ್ಟಿದರೆ ಮುಗಿಯಿತು.

ಅಜ್ಜಂಪುರ ದರ್ಶನ ಮಜ್ಜಿಗೆಯದು. ಅಮೃತಮಹಲ್ ತಳಿ ಕೇಂದ್ರವಿರುವ ಊರು, ಮೈಸೂರರಸರ ಬೆಣ್ಣೆ ಚಾವಡಿಯ ಪರಂಪರೆ. ಬೇರೆ ಮಾತು ಬರುವುದಾದರೂ ಹೇಗೆ? ಇದನ್ನು ಸಂಶೋಧಕ ಖಂಡಿಸಬೇಕಿಲ್ಲ. ನಾಲ್ಕು ದಿನ ಬಿಟ್ಟರೆ ವಾಸನೆಯೇ ಖಂಡಿಸುತ್ತದೆ.

ತರೀಕೆರೆಯವರು, ಹೆಸರಿಗೆ ತಕ್ಕಂತೆ, ಕೆರೆ ನೀರೆಂದರು. ಪಾರದರ್ಶಕ ಪೈಪು, ಅದರ ಮೇಲೆ ಬಣ್ಣದ ಲೈಟು: ಪಾಚಿಗೆ ಇನ್ನೇನು ಬೇಕು? ನಾಲಿಗೆ ತೊಡರಿಸುವ ಆ ಮೂರು ಕರಿ ಕುರಿಮರಿಗಳು ಏರಿ ಬಿಟ್ಟು ಕಂಪ್ಯೂಟರಿನೊಳಗೇ ಮೇಯಬಹುದು. ಆದರೆ ಅಡಿಕೆ ತೋಟದ ಆ ಹಿರಿಯರು ಸುಲಭಕ್ಕೆ ಸೋಲುವವರಲ್ಲ. "ಪಾಚಿಗೆ ಚೂರು ಮೈಲುತುತ್ತ ಹಾಕಪ್ಪ" ಎಂದರು.

ಇಲ್ಲಿ ವಿದ್ವಾಂಸರು ನಿಲ್ಲಬೇಕು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆಯೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದವರು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸುಣ್ಣ ಸಾಕೋ ಇಲ್ಲವೋ ನೋಡಲು ಬೆಳೆಗಾರರು ಕಬ್ಬಿಣದ ಚಾಕುವನ್ನು ಅದ್ದುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು. ಹಿರಿಯರು ಬರೀ ಮೈಲುತುತ್ತದ ನೀರಿಗೆ ಚಾಕು ಅದ್ದಿ ತೋರಿಸಿದರು. ನೋಡನೋಡುತ್ತಲೇ ಅಲಗಿನ ಮೇಲೆ ತಾಮ್ರ ಕುಳಿತಿತು, ಕಬ್ಬಿಣ ಅಷ್ಟಷ್ಟೇ ನೀರಿಗಿಳಿಯಿತು. ಹುಡುಗ ಚಾಕುವನ್ನು ನೋಡಿದ; ಆಮೇಲೆ, ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ್ದ ಅಲ್ಯೂಮಿನಿಯಂ ರೇಡಿಯೇಟರನ್ನು ನೋಡಿದ. ಬ್ಲಾಕು ತಾಮ್ರದ್ದು. ಎರಡನ್ನೂ ಒಂದೇ ನೀರಿನಲ್ಲಿ ಕಟ್ಟಿದರೆ ಅಲ್ಯೂಮಿನಿಯಮ್ಮಿನದೂ ಚಾಕುವಿನದೇ ಪಾಡು: ಮೆಲ್ಲಗೆ ತೂತು. ಮೈಲುತುತ್ತ ಬೆರೆಸಿದರೆ ಬೇಗ ತೂತು. ತಮ್ಮ ವಾದವನ್ನು ತಾವೇ ಇಷ್ಟು ಚೆನ್ನಾಗಿ ಕೆಡವಿದ ಪೂರ್ವಪಕ್ಷಿಯನ್ನು ಸಂಶೋಧಕ ಬೇರೆಲ್ಲೂ ಕಂಡಿಲ್ಲ.

ಸಿದ್ಧಾಂತ ನೀರಸವಾಗಿದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ (ಪಕ್ಕದ ಕ್ಯಾನಿನ ಆ್ಯಸಿಡ್ ಅಲ್ಲ), ಅದಕ್ಕೆ ತುಕ್ಕು, ಪಾಚಿ ಎರಡನ್ನೂ ತಡೆಯುವ, ಕಂಪ್ಯೂಟರಿಗೆಂದೇ ಮಾರುವ ದ್ರವ, ಬಾಟಲಿ ಹೇಳಿದಷ್ಟೇ. ಕಾರಿನ ಕೂಲೆಂಟ್ ಬೇಡ: ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣಕ್ಕೆ ವಿಷ, ಮನೆಯಲ್ಲಿ ನಾಯಿಯಿದೆ, ಮಕ್ಕಳಿದ್ದಾರೆ. ನೀರು ಹೆಪ್ಪುಗಟ್ಟೀತೆಂಬ ಭಯವೂ ಕಡೂರಿಗಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಕರೆಂಟ್ ಹರಿಯದೆಂದು ನಂಬಿ ಕೂರಬಾರದು. ಲೋಹದ ಸಹವಾಸದಲ್ಲಿ ಅದೂ ನಾಲ್ಕು ದಿನಕ್ಕೆ ಕೆಡುತ್ತದೆ.

ಅಲ್ಯೂಮಿನಿಯಂ ವಾಪಸು ಹೋಗಿ ತಾಮ್ರದ ರೇಡಿಯೇಟರ್ ಬಂತು. ಎಳನೀರನ್ನು ಸಂಶೋಧಕನೇ ಕುಡಿದ. ಓದುಗರಲ್ಲಿ ಇಷ್ಟೇ ವಿನಂತಿ: ನೀರು ತುಂಬಿದ ಮೇಲೆ ಒಂದು ಹಗಲು, ಒಂದು ರಾತ್ರಿ ಪಂಪನ್ನು ಮಾತ್ರ ಓಡಿಸಿ, ಜಾಯಿಂಟುಗಳ ಕೆಳಗೆ ಟಿಶ್ಯೂ ಕಾಗದ ಇಡಿ. ಅದು ಒಣಗಿಯೇ ಇದ್ದರೆ ಮಾತ್ರ ಕಂಪ್ಯೂಟರಿನ ಸ್ವಿಚ್ ಹಾಕಿ.