ಮರ್ಕ್ಯುರಿ ಲೈಟೂ ಶೇಂಗಾ ಚಟ್ನಿಯೂ

ಡಲ್ಲಾಸಿನ ನಮ್ಮ ಮನೆಯ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟ್. ನಮ್ಮೂರು ಹುಣಸಗಿಯಲ್ಲಿ 230, ಅದೂ ಕರೆಂಟ್ ಇದ್ದಾಗ. ಈ ಭೇದವೆಲ್ಲ ಅಪ್ಪನ ಲೆಕ್ಕಕ್ಕಿಲ್ಲ. ಕಿರಾಣಿ ಅಂಗಡಿ ಮುಂದೆ ವರ್ಷಗಟ್ಟಲೆ ಉರಿದ 125 ವ್ಯಾಟಿನ ಮರ್ಕ್ಯುರಿ ಲೈಟನ್ನು ಚೋಕ್ ಸಮೇತ ಧೋತರದಲ್ಲಿ ಸುತ್ತಿ ತಂದರು. "ಅಂಗಡಿ ಮಾರೀವಿ, ಲೈಟ್ ಯಾಕ್ ಮಾರಬೇಕು?"

ಬಿಚ್ಚಿದರೆ ಒಳಗೆ ಕೆಂಪು ಧೂಳು, ಹಲ್ಲಿ ಮೊಟ್ಟೆ, ಮುಟ್ಟಿದರೆ ಉದುರುವ ವೈರು. ಹೊಸ ವೈರು ಎಳೆಯಲು ಕೂತೆವು. ಅಪ್ಪನ ಪಾಲಿಗೆ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಇಲ್ಲಿ ಕಪ್ಪೇ ಫೇಸು, ಬಿಳಿಯದು ನ್ಯೂಟ್ರಲ್. "ಏನ್ ದೇಶಪಾ! ಗಾಡೀನೂ ಉಲ್ಟಾ, ವೈರೂ ಉಲ್ಟಾ" ಎಂದು ಟೆಸ್ಟರ್ ಕೈಬಿಡಲೇ ಇಲ್ಲ.

ಉರಿಯುವಾಗ ಬಲ್ಬೊಂದೇ ಸುಮಾರು 125 ವೋಲ್ಟ್ ತಿನ್ನುತ್ತದೆ. ಮಿಕ್ಕಿದ್ದನ್ನು ಹೊತ್ತು ಕರೆಂಟನ್ನು ಹದ್ದಿನಲ್ಲಿಡುವುದು ಚೋಕು. 120ಕ್ಕೆ ಹತ್ತುವ ಮಾತೇ ಇಲ್ಲ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅದಿತ್ತು, ಊರಿಂದ ಮಿಕ್ಸಿ ಹೊತ್ತು ತಂದ ಯಾರ ಮನೆಯಲ್ಲಿಲ್ಲ? ಆದರೆ ಇಲ್ಲಿ ಕರೆಂಟಿನ ಸೈಕಲ್ಲು ಸೆಕೆಂಡಿಗೆ 50 ಅಲ್ಲ, 60. ಅದನ್ನು ಟ್ರಾನ್ಸ್‌ಫಾರ್ಮರ್ ಬದಲಿಸಲಾರದು. ಚೋಕ್ ಇನ್ನಷ್ಟು ಬಿಗಿ ಹಿಡಿದು ಬೆಳಕು ತುಸು ಮಂಕಾಯಿತು. ಅಪ್ಪ ಗಮನಿಸಿದ್ದು ಮಾತ್ರ ಅದರ ಗುಂಯ್‌ಗುಡುವ ಸದ್ದನ್ನು. ಚೋಕ್ ಗುನುಗುವುದು ಸೈಕಲ್ಲಿನ ಎರಡರಷ್ಟು. 100 ಇದ್ದದ್ದು 120 ಆಗಿತ್ತು. ಭಜನೆಗೆ ಹಾರ್ಮೋನಿಯಂ ಹಿಡಿಯುವ ಅಪ್ಪ ತೀರ್ಪು ಕೊಟ್ಟರು: "ಊರಾಗ ಷಡ್ಜ ಹಿಡಿತಿತ್ತು, ಇಲ್ಲಿ ಕೋಮಲ ಗಾಂಧಾರಕ್ಕ ಏರ್ಯಾದ." ಲೆಕ್ಕ ಹಾಕಿ ನೋಡಿದೆ. ಶ್ರುತಿ ತಪ್ಪಿರಲಿಲ್ಲ.

ಬಸವ ಜಯಂತಿಯ ಸಂಜೆ ಕನ್ನಡದ ಮಂದಿ ಹಿತ್ತಲಲ್ಲಿ ಊಟಕ್ಕೆ ಕೂತರು. ಲೈಟು ಮಿಣಮಿಣ ಎಂದು ಸಾವಕಾಶವಾಗಿ ಬೆಳಗಿತು. ಎರಡನೇ ರೊಟ್ಟಿಗೇ ಚಟ್ನಿ ಖಾಲಿ. ಹೆಂಡತಿ ಸೀದಾ ಬಂದು ಟ್ರಾನ್ಸ್‌ಫಾರ್ಮರ್ ಕಿತ್ತುಕೊಂಡು ಒಳಗೆ ಹೋದಳು. ಮಿಕ್ಸಿಯ ಕೆಲಸ ಎರಡೇ ನಿಮಿಷದ್ದು. ಆದರೆ ಮರ್ಕ್ಯುರಿ ಲೈಟು ಒಮ್ಮೆ ಆರಿತೆಂದರೆ, ಒಳಗಿನ ಪಾದರಸದ ಆವಿ ತಣ್ಣಗಾಗಿ ಒತ್ತಡ ಇಳಿಯುವ ತನಕ ಬ್ರಹ್ಮ ಬಂದರೂ ಹತ್ತದು. ಕತ್ತಲಲ್ಲಿ ಒಬ್ಬರ ತಾಟಿಗೆ ಇನ್ನೊಬ್ಬರ ಕೈ. "ಕರೆಂಟ್ ಹೋತೂ!" ಎಂದು ಯಾರೋ ಖುಷಿಯಿಂದಲೇ ಕೂಗಿದರು. ಇಲ್ಲಿ ಹುಟ್ಟಿದ ಮಕ್ಕಳು ಮಿಕಿಮಿಕಿ ನೋಡಿದವು.

"ಇನ್ನೊಂದು ಟ್ರಾನ್ಸ್‌ಫಾರ್ಮರ್ ತರ್ತೀರೋ, ನಾ ಕಲ್ಲಿನ್ಯಾಗ ಕುಟ್ಲೋ?" ಹೆಂಡತಿ ಕೇಳಿದ್ದು ನನ್ನನ್ನು. ಉತ್ತರ ಅಪ್ಪನಿಂದ ಬಂತು.

"ಕಲ್ಲೇ ಚಲೋ ನೋಡವ್ವಾ. ನಮ್ಮ ಹುಣಸಗಿ ಬಾಜೂಕಿನ ಇಸಾಂಪುರದಾಗ 12 ಲಕ್ಷ ವರ್ಷದ ಹಿಂದಿನ ಕಲ್ಲಿನ ಕೊಡಲಿ ಸಿಕ್ಕಾವ. ಅವು ಯಾವ ದೇಶದಾಗ ಬೇಕಾದ್ರೂ ನಡೀತಾವ."