ಎಸೆಯುವ ಕೈ, ಕೇಳುವ ಕಾಗದ

ನಮ್ಮ ವೈ.ಎನ್.ಹೊಸಕೋಟೆಯಲ್ಲಿ ಯಾರಾದರೂ ಏದುಸಿರು ಬಿಡುತ್ತ ಓಡಿಬಂದರೆ ಅದಕ್ಕೆ ಮೂರೇ ಕಾರಣ. ಪಾವಗಡದ ಬಸ್ಸು ಹೊರಟಿರಬೇಕು, ನಾಯಿ ಅಟ್ಟಿಸಿಕೊಂಡು ಬಂದಿರಬೇಕು, ಇಲ್ಲವೇ ಓಡಿಬರುವವನು ವೇಗದ ಬೌಲರ್ ಆಗಿರಬೇಕು. ಮೊದಲಿನ ಇಬ್ಬರಿಗೆ ಊರಿನವರು ದಾರಿ ಬಿಡುತ್ತಾರೆ. ಮೂರನೆಯವನನ್ನು ಮಾತ್ರ ತಡೆದು ನಿಲ್ಲಿಸಿ, "ಎಸ್ಸೆಸ್ಸೆಲ್ಸಿ ಎಲ್ಲಿಗೆ ಬಂತಪ್ಪ?" ಎಂದು ಕೇಳುತ್ತಾರೆ.

ಅಂಥವನೊಬ್ಬ ನಮ್ಮ ಬೀದಿಯಲ್ಲೂ ಇದ್ದಾನೆ, ಮಗ್ಗದ ಮನೆಯ ಹುಡುಗ. ಊರೆಲ್ಲ ರೇಷ್ಮೆ ಸೀರೆ ನೇಯುವವರೇ ಆದ್ದರಿಂದ ಹೊರಗಿನಿಂದ ಇಲ್ಲಿಗೆ ಬರುವವರು ಸೀರೆ ವ್ಯಾಪಾರಿಗಳು. ಅವರು ಸೆರಗು ನೋಡುತ್ತಾರೆ, ಜರಿ ಮುಟ್ಟುತ್ತಾರೆ, ಹುಡುಗನ ಬೌಲಿಂಗ್ ನೋಡುವುದಿಲ್ಲ. ಅವನ ಟೆನಿಸ್ ಬಾಲು ಮಗ್ಗದ ಲಾಳಿಯ ಹಾಗೆ ಕಣ್ಣಿಗೆ ಕಾಣಿಸದೆ ಹೋಗುತ್ತದೆ ಎಂದು ಬೀದಿಯೇನೋ ಒಪ್ಪಿದೆ. ಆದರೆ ಬೀದಿ ಒಪ್ಪಿದರೆ ಕಾಲೇಜಿನಲ್ಲಿ ಸೀಟು ಸಿಗುತ್ತದೆಯೇ?

ಅವನ ತಾಯಿ ನನ್ನನ್ನು ಕೇಳಿದ್ದೂ ಅದನ್ನೇ. "ಅಣ್ಣಾ, ಬಾಲ್ ಹಾಕಿದ್ರೆ ಕಾಲೇಜಲ್ಲಿ ಸೇರಿಸ್ಕೊತಾರಾ? ಮಗ್ಗಕ್ಕೆ ಕೂತ್ರೆ ಕೂಲೀನಾದ್ರೂ ಬರ್ತದೆ." ಈ ವಿಷಯದಲ್ಲಿ ನನಗಿದ್ದ ಯೋಗ್ಯತೆ ಒಂದೇ, ಅರ್ಜಿ ತುಂಬಲು ಬರುತ್ತದೆ. ಪಿಂಚಣಿ, ಪಹಣಿ, ಪಡಿತರ ಚೀಟಿಯ ಅರ್ಜಿಗಳನ್ನು ತುಂಬಿದವನು ಬೌಲರನ ಅರ್ಜಿಯನ್ನೂ ತುಂಬಬಲ್ಲ ಎಂಬುದು ನಮ್ಮೂರಿನ ನಂಬಿಕೆ. ನಾನು ಧೈರ್ಯ ತುಂಬಲು, "ನೋಡಮ್ಮ, ಜಾವಗಲ್ ಶ್ರೀನಾಥ್ ಇಂಜಿನಿಯರು, ಅನಿಲ್ ಕುಂಬ್ಳೆಯೂ ಇಂಜಿನಿಯರು, ಆಡ್ತಾ ಆಡ್ತಾನೇ ಓದಿದ್ರು" ಎಂದೆ. ಆಕೆ ಸ್ವಲ್ಪ ಯೋಚಿಸಿ, "ಇಂಜಿನಿಯರ್ ಆದ್ಮೇಲೂ ಬಿಸಿಲಲ್ಲಿ ಓಡೋದು ಯಾಕೆ ಮತ್ತೆ?" ಎಂದರು. ಉತ್ತರ ಹೊಳೆಯದೆ ನಾನು ಅರ್ಜಿಯ ಕಡೆ ತಿರುಗಿದೆ.

ಅಮೆರಿಕದಲ್ಲಿ ಎಸೆಯುವ ಹುಡುಗರನ್ನು ಕಾಲೇಜಿಗೆ ಸೇರಿಸುವುದೇ ಒಂದು ದೊಡ್ಡ ವ್ಯವಹಾರವಂತೆ. ಅಲ್ಲಿ ಬೌಲರನ ಜಾಗದಲ್ಲಿ ಬೇಸ್‌ಬಾಲಿನ ಪಿಚರ್ ಇರುತ್ತಾನೆ. ಓಡಿಬರುವ ಹಾಗಿಲ್ಲ, ನಿಂತಲ್ಲಿಂದಲೇ 60 ಅಡಿ 6 ಅಂಗುಲ ದೂರಕ್ಕೆ ಎಸೆಯಬೇಕು. ಹೈಸ್ಕೂಲು ಹುಡುಗ ಚೆನ್ನಾಗಿ ಎಸೆದರೆ ಕಾಲೇಜಿನ ಕೋಚುಗಳು ವೇಗ ಅಳೆಯುವ ಯಂತ್ರ ಹಿಡಿದು ಬಲೆಯ ಹಿಂದೆ ಬಂದು ನಿಲ್ಲುತ್ತಾರೆ. ಇದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ತಿಳಿದದ್ದು, ಅಲ್ಲಿನ ಮೊದಲ ದರ್ಜೆಯ ಕಾಲೇಜು ತಂಡವೊಂದಕ್ಕೆ ಬಹಳ ವರ್ಷ ಇದ್ದದ್ದು 11.7 ವಿದ್ಯಾರ್ಥಿವೇತನ. ಅದನ್ನೇ 27 ಹುಡುಗರ ತನಕ ಹರಿದು ಹಂಚಬೇಕಿತ್ತು. ಅಮೆರಿಕದವರೂ ಪಡಿತರದ ಲೆಕ್ಕದಲ್ಲೇ ಬದುಕಿದ್ದಾರೆ ಎಂದು ತಿಳಿದ ಮೇಲೆ ಸಮಾಧಾನವಾಯಿತು.

ನಮ್ಮಲ್ಲಿ ಯಾರೂ ಬಂದು ನೋಡುವುದಿಲ್ಲ, ನಾವೇ ಹೋಗಿ ತೋರಿಸಬೇಕು. ಅದಕ್ಕೆ ಶಾಲಾ ಕ್ರೀಡಾಕೂಟವೆಂಬ ಏಣಿಯಿದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಐದು ಮೆಟ್ಟಿಲು. ಶಾಲೆಯ ಲೆಕ್ಕದಲ್ಲಿ ನಮ್ಮ ಜಿಲ್ಲೆ ತುಮಕೂರಲ್ಲ, ಮಧುಗಿರಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಶೈಕ್ಷಣಿಕ ಜಿಲ್ಲೆ ಅದು. ಪಾವಗಡದಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಆಂಧ್ರದ ತುಂಡೊಂದನ್ನು ದಾಟಬೇಕು. ಹಾಗಾಗಿ ನಮ್ಮ ಹುಡುಗರು ಜಿಲ್ಲಾ ಮಟ್ಟ ತಲುಪುವಷ್ಟರಲ್ಲಿ ಅಂತರರಾಜ್ಯ ಪ್ರವಾಸ ಮುಗಿಸಿರುತ್ತಾರೆ.

ತೊಡಕು ಬೇರೆ ಕಡೆಯಿತ್ತು. ನಮ್ಮ ಹೋಬಳಿ ಕೂಟದಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್ ಎಲ್ಲ ಉಂಟು. ಇಡೀ ಹೋಬಳಿ ವರ್ಷವೆಲ್ಲ ಆಡುವ ಕ್ರಿಕೆಟ್ಟಿಗೆ ಮಾತ್ರ ಜಾಗವಿಲ್ಲ. ಪಿ.ಟಿ. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. "ಎಸೆಯೋ ಕೈ ತಾನೆ? ಭರ್ಜಿ ಎಸೀಲಿ" ಎಂದರು. ಹುಡುಗ ಮುಖ ಸಪ್ಪಗೆ ಮಾಡಿಕೊಂಡ. ಆಗ ಅವನಿಗೆ ಹೇಳಿದ್ದು ಅಭಿಮನ್ಯು ಮಿಥುನ್ ಕಥೆ. ಭಾರತಕ್ಕೆ ಟೆಸ್ಟ್ ಆಡಿದ ಆ ವೇಗದ ಬೌಲರ್ ಮೊದಲು ಎಸೆಯುತ್ತಿದ್ದದ್ದು ಡಿಸ್ಕಸ್. 17ರ ವಯಸ್ಸಿನವರೆಗೆ ಲೆದರ್ ಬಾಲಿನಲ್ಲಿ ಬೌಲ್ ಮಾಡಿದವನಲ್ಲ.

ಇನ್ನೂ ದೂರದ ಕಥೆ ಉತ್ತರಪ್ರದೇಶದ ರಿಂಕು ಸಿಂಗನದು. ಕ್ರಿಕೆಟ್ಟಿನ ರಿಂಕು ಅಲ್ಲ, ಇವನು ಬೇರೆ. ಭದೋಹಿ ಕಡೆಯ ಭರ್ಜಿ ಎಸೆತಗಾರ. ಭಾರತದಲ್ಲಿ ಬೇಸ್‌ಬಾಲ್ ಎಸೆಯುವ ಕೈ ಹುಡುಕಲು ಅಮೆರಿಕದವರು ನಡೆಸಿದ 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆ ಗೆದ್ದ. 2008ರಲ್ಲಿ ಅವನನ್ನೂ, ಇನ್ನೊಬ್ಬ ಭರ್ಜಿ ಎಸೆತಗಾರ ದಿನೇಶ್ ಪಟೇಲನನ್ನೂ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ಬೇಸ್‌ಬಾಲ್ ಮುಗಿಸಿ ರಿಂಕು ಕುಸ್ತಿಯ ಟಿವಿ ಕಾರ್ಯಕ್ರಮಕ್ಕೂ ಹೋದ. ಭದೋಹಿ ರತ್ನಗಂಬಳಿ, ಜಮಖಾನ ನೇಯುವವರ ಸೀಮೆ ಎಂದು ನಾನು ಸೇರಿಸಿದ್ದೇ ತಡ, ಹುಡುಗನ ತಂದೆ ಮಗ್ಗ ನಿಲ್ಲಿಸಿ, "ಅಲ್ಲಿ ಕೂಲಿ ಎಷ್ಟಂತೆ?" ಎಂದು ಕೇಳಿದರು.

ಅಭ್ಯಾಸಕ್ಕೆ ಒಳ್ಳೆಯ ಪಿಚ್ ಬೇಕಲ್ಲ? ನಮಗೆ ಹತ್ತಿರವಿರುವ ದೊಡ್ಡ ಮೈದಾನ ಬೆಂಗಳೂರಿನದಲ್ಲ, ಅನಂತಪುರದ್ದು. ಅಲ್ಲಿನ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಮೈದಾನದಲ್ಲಿ 2024ರಲ್ಲಿ ದುಲೀಪ್ ಟ್ರೋಫಿ ಪಂದ್ಯಗಳೇ ನಡೆದವು. ನೋಡಲು ಹೋಗಬಹುದು, ಚಪ್ಪಾಳೆ ತಟ್ಟಬಹುದು, ತೆಲುಗಿನಲ್ಲಿ ಬೈಯಲೂಬಹುದು, ಅದು ನಮಗೆ ಬರುತ್ತದೆ. ಆದರೆ ಹುಡುಗನ ಓದು, ದಾಖಲೆ, ಕೋಟಾ ಎಲ್ಲ ಕರ್ನಾಟಕದವು.

ನಡುವೆ ಅವನ ಚಿಕ್ಕಪ್ಪನ ಮಗ ಒಂದು ವಿಡಿಯೋ ಮಾಡಿದ. ಕಾಲೇಜಿನ ಕ್ರೀಡಾ ನಿರ್ದೇಶಕರಿಗೆ ಕಳಿಸಲು. ಹಿನ್ನೆಲೆಯಲ್ಲಿ ತೆಲುಗು ಹೀರೋ ಎಂಟ್ರಿ ಸಂಗೀತ, ಹುಡುಗನ ಕೂದಲು ಹಾರುತ್ತದೆ, ಧೂಳು ಏಳುತ್ತದೆ, ಎಲ್ಲವೂ ಸ್ಲೋ ಮೋಷನ್. ವೇಗದ ಬೌಲರನ ವೇಗ ಒಂದು ಬಿಟ್ಟು ಮಿಕ್ಕೆಲ್ಲ ಕಾಣುತ್ತಿತ್ತು. ಅದನ್ನು ಅಳಿಸಿ, ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಸಂಗೀತವಿಲ್ಲದೆ ತೆಗೆಸಿದ್ದಾಯಿತು. ಮಾಡಿದವನಿಗೆ ಇವತ್ತಿಗೂ ನನ್ನ ಮೇಲೆ ಮುನಿಸು.

ಕೊನೆಗೆ ಉಳಿಯುವುದು ಕಾಗದ. ವಯಸ್ಸಿನ ವಿಷಯ ನೋಡಿ. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಕೃಪೆ. ಆದರೆ 16 ವರ್ಷದೊಳಗಿನವರ ಕ್ರಿಕೆಟ್ಟಿನಲ್ಲಿ ಬಿಸಿಸಿಐ ಮುಂಗೈ ಮೂಳೆಯ ಎಕ್ಸ್‌ರೇ ತೆಗೆಸಿ ವಯಸ್ಸು ನೋಡುತ್ತದೆ. ಮೂಳೆಗೆ ಮೇಷ್ಟ್ರ ಮುಲಾಜಿಲ್ಲ. ಇನ್ನು ಸರ್ಟಿಫಿಕೇಟು. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುತ್ತವೆ. ಎಲ್ಲ ಕಡೆಯೂ ಮೊದಲು ಕೇಳುವುದು, ಯಾವ ಮಟ್ಟದಲ್ಲಿ ಆಡಿದ್ದೀಯ, ಯಾವ ವರ್ಷ, ಸಹಿ ಸೀಲು ಎಲ್ಲಿ ಎಂದು. ಬೀದಿಯ ಟೂರ್ನಮೆಂಟಿನಲ್ಲಿ ಗೆದ್ದ ಆಳೆತ್ತರದ ಕಪ್ಪಿಗಿಂತ, ಭರ್ಜಿಯಲ್ಲಿ ಬಂದ ಜಿಲ್ಲಾ ಮಟ್ಟದ ಒಂದು ಹಾಳೆಗೆ ಬೆಲೆ ಹೆಚ್ಚು.

ನಮ್ಮ ಹುಡುಗನ ಹತ್ತಿರ ಈಗ ಆ ಹಾಳೆ ಇದೆ, ಕರಾವಳಿಯ ಕಾಲೇಜೊಂದು ಟ್ರಯಲ್ಸಿಗೆ ಬಾ ಎಂದಿದೆ. ಆಯ್ಕೆ ಮಾಡುವುದು ಬಿಡುವುದು ಅವರದು. ಆದರೆ ಇಷ್ಟಂತೂ ಖಚಿತ: ಈ ಸೀಮೆಯಲ್ಲಿ ಕೈಗಳಿಗೆ ಬರವಿಲ್ಲ, ಬರವಿರುವುದು ಜೊತೆಯಲ್ಲಿ ಹೋಗುವವರಿಗೆ. ನಿಮ್ಮ ಬೀದಿಯಲ್ಲೂ ಅಂಥ ಮಗುವಿದ್ದರೆ ಸರ್ಟಿಫಿಕೇಟು ಜೆರಾಕ್ಸ್ ಮಾಡಿಸಿ, ಎಸ್ಸೆಸ್ಸೆಲ್ಸಿ ಪಾಸಾಗುವ ಹಾಗೆ ನೋಡಿಕೊಳ್ಳಿ, ಟ್ರಯಲ್ಸಿನ ದಿನ ಜೊತೆಗೆ ಹೋಗಿ. ಹುಡುಗಿಯಾದರೆ ಸರ್ಕಾರಿ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ. ಹುಡುಗನಾದರೆ ಟಿಕೆಟ್ಟು ನೀವೇ ತೆಗೆಸಿ.